ಬ್ರೇಕಿನ ದೂರು ಬಾಯಿಮಾತಾಗಿ ಉಳಿಯಬಾರದು



ಈ ಸಲ ಒಲೆಯ ಮುಂದಿನ ಮಾತಿಲ್ಲ, ಗಾಡಿಯ ಮಾತು. ‘ಅದು ಗಂಡಸರ ಕೆಲಸ, ನಮಗ್ಯಾಕ್ರೀ’ ಎಂದು ಪುಟ ತಿರುವಬೇಡಿ. ಸ್ಟೇರಿಂಗ್ ಯಾರ ಕೈಯಲ್ಲೇ ಇರಲಿ, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಹೋಗುವವರು ನಾವೇ ಅಲ್ಲವೇ?

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ಹೋದ ವರ್ಷ ಯುಗಾದಿಗೆ ಕಬ್ಬಿನ ಬಿಲ್ಲಿನ ದುಡ್ಡಿಗೆ ಬ್ಯಾಂಕಿನ ಸಾಲ ಸೇರಿಸಿ ಏಳು ಸೀಟಿನ ದೊಡ್ಡ ಗಾಡಿ ತಂದೆವು. ಈಗ ಎಲ್ಲರೂ ಎಸ್‌ಯುವಿ ಎನ್ನುತ್ತಾರಲ್ಲ, ಅದು. ಸಂಗೊಳ್ಳಿಯಲ್ಲಿ ರಾಯಣ್ಣನ ಮೂರ್ತಿಯ ಮುಂದೆ ಕಾಯಿ ಒಡೆಸಿ, ನಿಂಬೆಹಣ್ಣು ಕಟ್ಟಿ ಮನೆಗೆ ತಂದದ್ದಾಯಿತು. ಶ್ರಾವಣದ ಹೊತ್ತಿಗೆ ತಕರಾರು ಶುರು. ಬೈಲಹೊಂಗಲದ ಪ್ಯಾಟಿಯಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಎಂದಿಗಿಂತ ಕೆಳಗೆ ಹೋಯಿತು. ಮನೆಯವರು ಗಾಡಿ ಕೊಂಡ ಕಡೆ ಒಯ್ದರು. ‘ಏನೂ ಇಲ್ರೀ ಸಾಹೇಬ್ರ, ಹೊಸಾ ಗಾಡಿ, ಇನ್ನಾ ನಿಮ್ಮ ಕಾಲಿಗೆ ರೂಢಿ ಆಗಿಲ್ಲ’ ಎಂದು ತೊಳೆದು ಕಳಿಸಿದರು. ಎರಡನೇ ಸಲ ಪ್ಯಾಡ್ ಬದಲಿಸಿ ದುಡ್ಡು ತೆಗೆದುಕೊಂಡರು. ಮೂರನೇ ಸಲ ‘ಪೈಪಿನಾಗ ಗಾಳಿ ಇತ್ತು, ತಗದೇವಿ’ ಎಂದರು. ಪ್ರತಿ ಸಲವೂ ಎರಡು ಮೂರು ವಾರ ಸರಿ, ಆಮೇಲೆ ಮತ್ತೆ ಅದೇ ಹಾಡು.

ಈ ವರ್ಷ ಭಾರತ ಹುಣ್ಣಿಮೆಯ ಗದ್ದಲ ಇಳಿದ ಮೇಲೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋದೆವು. ಅತ್ತೆಯವರು, ನಾದಿನಿ, ಮಕ್ಕಳು ಸೇರಿ ಗಾಡಿ ಭರ್ತಿ. ಪಡ್ಡಲಗಿ ತುಂಬಿಸಿ, ಬುತ್ತಿ ಬಿಚ್ಚಿ ಉಂಡು, ಗುಡ್ಡ ಇಳಿಯತೊಡಗಿದೆವು. ಒಂದು ತಿರುವಿನಲ್ಲಿ ಮನೆಯವರ ಮುಖ ನೋಡಿದೆ. ಬೆವರು ಇಳಿಯುತ್ತಿತ್ತು. ‘ಬ್ರೇಕ್ ಒಳಗ ಹೊಂಟೈತಿ’ ಎಂದರು ಸಣ್ಣ ದನಿಯಲ್ಲಿ. ಮತ್ತೆ ಮತ್ತೆ ಪೆಡಲ್ ಒತ್ತಿ, ಗೇರ್ ಒಂದೊಂದೇ ಇಳಿಸಿ, ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆದು ಅಂತೂ ದಂಡೆಯ ಮಣ್ಣಿಗೆ ನಿಲ್ಲಿಸಿದರು. ಹತ್ತು ಮಾರು ಮುಂದೆ ಕಾಯಿ-ಕುಂಕುಮ ಮಾರುವ ಮುದುಕಿಯೊಬ್ಬಳು ಕುಳಿತಿದ್ದಳು. ಅವಳಿಗೆ ಏನೂ ತಿಳಿಯಲೇ ಇಲ್ಲ.

‘ತಾಯಿ ಕಾಯ್ದಳು’ ಎಂದು ಅತ್ತೆಯವರು ಕೈಮುಗಿದರು. ‘ಹೌದ್ರಿ ಅತ್ತಿ, ಆದ್ರ ಪ್ರತಿ ಸಲಾ ಆಕಿ ಮ್ಯಾಲೆ ಹಾಕೂದು ಸರಿ ಅಲ್ಲ’ ಎಂದೆ.

ಬಾಡಿಗೆ ಗಾಡಿಯಲ್ಲಿ ಮನೆಗೆ ಬಂದವಳೇ ಗಾಡಿಯ ಕಾಗದಪತ್ರ ತೆಗೆದೆ. ಇಂಗ್ಲಿಷಿನಲ್ಲಿದ್ದುದನ್ನು ಮಗಳಿಂದ ಓದಿಸಿದೆ. ಮೂರು ಜಾಬ್ ಕಾರ್ಡ್‌ಗಳಿದ್ದವು. ಮೊದಲನೆಯದರಲ್ಲಿ ‘ಜನರಲ್ ಚೆಕಪ್, ವಾಟರ್ ವಾಶ್’. ಎರಡನೆಯದರಲ್ಲಿ ‘ಪ್ಯಾಡ್ ಬದಲಾವಣೆ, ಗಿರಾಕಿಯ ಕೋರಿಕೆಯಂತೆ’. ಮೂರನೆಯದರಲ್ಲಿ ‘ಬ್ರೇಕ್ ಸರ್ವಿಸ್’. ಪೆಡಲ್ ಕೆಳಗೆ ಹೋಗುತ್ತದೆ ಎಂಬ ಮಾತು ಎಲ್ಲಿಯೂ ಇಲ್ಲ! ಮನೆಯವರು ಮೂರು ಸಲ ಹೇಳಿದ್ದರು. ಕಾಗದದ ಪ್ರಕಾರ ಒಮ್ಮೆಯೂ ಹೇಳಿರಲಿಲ್ಲ.

ಹಾಲಿನವನು ಬಾರದ ದಿನ ನಾವು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ. ಮೂವತ್ತು ರೂಪಾಯಿಗೆ ಇರುವ ಲೆಕ್ಕ ಮನೆಮಂದಿಯ ಜೀವಕ್ಕೆ ಬೇಡವೇ? ಆ ರಾತ್ರಿಯೇ ನೋಟುಬುಕ್ಕಿನಲ್ಲಿ ಬರೆದೆ: ತಾರೀಖು, ಓಡಿದ ಕಿಲೋಮೀಟರ್, ಊರು, ಗಾಡಿಯಲ್ಲಿ ಎಷ್ಟು ಜನ, ಪೆಡಲ್ ಏನಾಯಿತು. ಬರೆಯುತ್ತ ಒಂದು ವಿಷಯ ಹೊಳೆಯಿತು. ತಕರಾರು ಬಂದದ್ದೆಲ್ಲ ಗಾಡಿ ಬಹಳ ಹೊತ್ತು ಓಡಿ, ಬ್ರೇಕ್ ಮೇಲೆ ಕಾಲು ಹಿಡಿದಿಟ್ಟಾಗ. ಅಲ್ಲಿ ಮೆಕ್ಯಾನಿಕ್ಕು ತಂಪು ಗಾಡಿಯನ್ನು ಒಬ್ಬನೇ ಒಂದು ಸುತ್ತು ಓಡಿಸಿ ನೋಡಿದರೆ ಹೇಗೆ ಸಿಕ್ಕೀತು?

ನಾಲ್ಕನೇ ಸಲ ಗಾಡಿಯನ್ನು ಓಡಿಸದೆ ಎಳೆಸಿಕೊಂಡು ಹೋದೆವು. ನಾನೂ ಹೋದೆ. ‘ನಾ ಹೇಳಿದ್ದು ಹಂಗ ಬರೀರಿ, ಬರದಿಂದ ಸಹಿ ಮಾಡ್ತೀನಿ’ ಎಂದೆ. ಹುಡುಗ ಗೊಣಗಿದ, ಆದರೆ ಬರೆದ. ಒಳಗಿನಿಂದ ಹಿರಿಯ ಮೆಕ್ಯಾನಿಕ್ಕು ಬಂದು ನೋಟುಬುಕ್ಕು ಓದಿ, ಎಂಜಿನ್ ಚಾಲೂ ಇಟ್ಟು ಪೆಡಲ್ ಒತ್ತಿ ಹಿಡಿದರು. ಅದು ಮೆಲ್ಲಗೆ ಕೆಳಗಿಳಿಯಿತು. ಹೊರಗೆ ಒಂದು ಹನಿ ಎಣ್ಣೆಯೂ ಸೋರಿರಲಿಲ್ಲ. ‘ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಹೋಗೇತ್ರಿ ಅಕ್ಕಾರ’ ಎಂದರು. ನಮ್ಮ ಹಳೆಯ ಪಂಪ್ ಸ್ಟೋವ್ ನೆನಪಿದೆಯಲ್ಲ? ವಾಷರ್ ಸವೆದರೆ ಎಷ್ಟು ಒತ್ತಿದರೂ ಒತ್ತಡ ಏರುತ್ತಿರಲಿಲ್ಲ. ಇದೂ ಹಾಗೆಯೇ. ವಾರಂಟಿಯಲ್ಲೇ ಹೊಸದು ಹಾಕಿದರು. ಈಗ ಬ್ರೇಕ್ ಗಟ್ಟಿಯಾಗಿದೆ. ಸುಮ್ಮನೆ ಬದಲಿಸಿದ ಪ್ಯಾಡಿನ ದುಡ್ಡು ಮಾತ್ರ ಇನ್ನೂ ಮರಳಿ ಬಂದಿಲ್ಲ. ರಿಜಿಸ್ಟರ್ಡ್ ಪತ್ರ ಬರೆದಿದ್ದೇವೆ.

ನೀವೂ ಈ ಗುರುತುಗಳನ್ನು ತಿಳಿದಿರಿ:

1. ಒತ್ತಿ ಹಿಡಿದ ಪೆಡಲ್ ನಿಧಾನ ಇಳಿದರೆ, ಮಾಸ್ಟರ್ ಸಿಲಿಂಡರಿನ ದೋಷ ಅಥವಾ ಎಲ್ಲೋ ಸೋರಿಕೆ ಇರಬಹುದು.

2. ಸ್ಪಂಜಿನಂತೆ ಮೆತ್ತಗಿದ್ದರೆ, ಪೈಪಿನಲ್ಲಿ ಗಾಳಿ ಸೇರಿರಬಹುದು. ಬ್ರೇಕ್ ಎಣ್ಣೆ ಮಳೆಗಾಲದ ಉಪ್ಪಿನಂತೆ ತೇವ ಎಳೆದುಕೊಳ್ಳುತ್ತದೆ. ಉದ್ದ ಇಳಿಜಾರಿನ ಕಾವಿಗೆ ಆ ನೀರು ಆವಿಯಾಗಿ ಬ್ರೇಕ್ ಹಿಡಿಯದೆ ಹೋಗಬಹುದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸುತ್ತಾರೆ. ಗಾಡಿಯ ಪುಸ್ತಕ ನೋಡಿ.

3. ಪೆಡಲ್ ಕಲ್ಲಿನಂತೆ ಗಟ್ಟಿಯಾದರೆ, ಬೂಸ್ಟರ್ ನೋಡಿಸಿ.

4. ಕಿರ್‍ರೆಂದು ಸದ್ದು ಬಂದರೆ ಪ್ಯಾಡ್ ಸವೆದಿರಬಹುದು. ಕಾಲಿಗೆ ನಡುಕ ಬಂದರೆ ಡಿಸ್ಕ್ ನೋಡಿಸಿ. ಗಾಡಿ ಒಂದೇ ಬದಿಗೆ ಎಳೆದರೆ ಎರಡೂ ಚಕ್ರದ ಬ್ರೇಕ್ ಸಮ ಹಿಡಿಯುತ್ತಿಲ್ಲ.

5. ಬ್ರೇಕಿನ ಕೆಂಪು ದೀಪ ಆರದಿದ್ದರೆ ಮುಂದೆ ಹೋಗಲೇಬೇಡಿ.

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ಎಂಜಿನ್ ಬಂದ್ ಮಾಡುವುದು, ನ್ಯೂಟ್ರಲ್‌ನಲ್ಲಿ ಬಿಡುವುದು ಬೇಡವೇ ಬೇಡ. ಮೊದಲೇ ಕೆಳಗಿನ ಗೇರಿಗೆ ಬರಬೇಕು.

ಇನ್ನು ಕಾಯಿದೆಯ ಮಾತು. 2019ರ ಗ್ರಾಹಕ ರಕ್ಷಣಾ ಕಾಯಿದೆ 2020ರ ಜುಲೈನಿಂದ ಜಾರಿಯಲ್ಲಿದೆ. ಗಾಡಿ ಎಲ್ಲಿಯೇ ಕೊಂಡಿರಲಿ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮಗಾದರೆ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಅಲ್ಲಿಯೇ ವಿಚಾರಣೆ. 10ರಿಂದ 20 ಲಕ್ಷದ ಗಾಡಿಗೆ ಶುಲ್ಕ 400 ರೂಪಾಯಿ. ಎರಡು ವರ್ಷದೊಳಗೆ ದೂರು ಕೊಡಬೇಕು. ವಕೀಲರೇ ಬೇಕೆಂದಿಲ್ಲ. ಮೊದಲು 1915ಕ್ಕೆ ಫೋನ್ ಮಾಡಿ ಸಲಹೆಯನ್ನೂ ಕೇಳಬಹುದು. ಆದರೆ ‘ಹೊಸ ಗಾಡಿಯೇ ಕೊಡಿ’ ಎಂದ ತಕ್ಷಣ ಸಿಗದು. 2006ರಲ್ಲಿ ಸುಪ್ರೀಂ ಕೋರ್ಟ್ ಒಂದು ಕಾರಿನ ಪ್ರಕರಣದಲ್ಲಿ, ಕೆಟ್ಟ ಭಾಗವನ್ನು ಬದಲಿಸಿ ಕೊಡಬಹುದಾದಾಗ ಇಡೀ ಗಾಡಿ ಬದಲಿಸಬೇಕಿಲ್ಲ ಎಂದಿತು. ಗಾಡಿ ಹುಟ್ಟಿನಿಂದಲೇ ದೋಷದ್ದು ಎಂದು ತೋರಿಸಲು ಬೇಕಾಗುವುದು ಕಾಗದ.

ಒಬ್ಬರ ದೂರು ಹಲವರಿಗೆ ಉಪಕಾರವೂ ಹೌದು. 2016ರ ಮೇ ತಿಂಗಳಲ್ಲಿ ಮಾರುತಿ ಸುಜುಕಿ ಕಂಪನಿ ಬ್ರೇಕಿನ ಒಂದು ಭಾಗ ಬದಲಿಸಲು 20,427 ಎಸ್-ಕ್ರಾಸ್ ಗಾಡಿಗಳನ್ನು ತಾನಾಗಿ ವಾಪಸು ಕರೆಸಿತು. 2022ರ ಅಕ್ಟೋಬರಿನಲ್ಲಿ ಹಿಂದಿನ ಬ್ರೇಕಿನ ಪಿನ್ನಿಗಾಗಿ ವ್ಯಾಗನ್ ಆರ್, ಸೆಲೆರಿಯೊ, ಇಗ್ನಿಸ್ ಸೇರಿ 9,925 ಗಾಡಿಗಳನ್ನು ಕರೆಸಿತು. 2021ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ, ಏಳು ವರ್ಷದೊಳಗಿನ ಒಂದೇ ಮಾದರಿಯ ಗಾಡಿಗಳ ಬಗ್ಗೆ ನಿಗದಿಯಾದಷ್ಟು ದೂರು ಸೇರಿದರೆ ಸರ್ಕಾರವೇ ವಿಚಾರಣೆ ಮಾಡಿ ವಾಪಸು ಕರೆಸಬಹುದು. ನಿಮ್ಮ ದೂರು ದಾಖಲಾಗದಿದ್ದರೆ ಆ ಎಣಿಕೆಗೆ ಸೇರುವುದಿಲ್ಲ.

ಆದ್ದರಿಂದ ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತು ನಿಮ್ಮಂತೆಯೇ ಬರೆಯಿಸಿ, ಪ್ರತಿ ತೆಗೆದುಕೊಳ್ಳಿ. ಬದಲಿಸಿದ ಹಳೆಯ ಭಾಗ ತೋರಿಸಲು ಹೇಳಿ. ‘ನಿಮಗೇನು ತಿಳೀತದ ಅಕ್ಕಾರ’ ಎಂದರೆ ನಾಚಬೇಡಿ. ಗಾಡಿ ಬಿಚ್ಚಲು ಬಾರದಿರಬಹುದು, ಯಾವ ದಿನ ಏನಾಯಿತೆಂದು ನೆನಪಿಡಲು ನಮಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ?

ನಮ್ಮ ನೋಟುಬುಕ್ಕು ಈಗ ಅಡುಗೆಮನೆಯ ಮೊಳೆಗೆ, ಹಾಲಿನ ಕ್ಯಾಲೆಂಡರಿನ ಪಕ್ಕದಲ್ಲೇ ತೂಗುತ್ತಿದೆ. ಮುಂದಿನ ಸಂಚಿಕೆಯಲ್ಲಿ, ಬಹಳ ಜನ ಕೇಳಿದ ಬುತ್ತಿಯ ಶೇಂಗಾ ಹೋಳಿಗೆಯೊಂದಿಗೆ ಸಿಗೋಣ.