ಆ ಕೆಂಪು ನಕ್ಷತ್ರ ತೆಗೀರಿ ಸ್ವಾಮಿ

ಬ್ಲಾಗ್ ಮಿತ್ರರೇ, ನಮ್ಮಲ್ಲಿ ಅರ್ಧಕ್ಕರ್ಧ ಜನ ಹಗಲು ಸಾಫ್ಟ್‌ವೇರು, ರಾತ್ರಿ ಕನ್ನಡ. ಅದಕ್ಕೇ ಈ ಜಗಳವನ್ನು ನಿಮ್ಮ ಜೊತೆಯೇ ಆಡಬೇಕು ಅನ್ನಿಸ್ತು. ಫಾರಂ ಮಾಡುವಾಗ ಕೆಲವು ಖಾನೆಗಳ ಪಕ್ಕ ಪುಟ್ಟದೊಂದು ಕೆಂಪು ನಕ್ಷತ್ರ ಹಾಕ್ತೀರಲ್ಲ, 'ಇದನ್ನು ತುಂಬದೆ ಮುಂದೆ ಹೋಗೋ ಹಾಗಿಲ್ಲ' ಅಂತ? ಜಗಳ ಅದರ ಬಗ್ಗೆ. ಪಿಜ್ಜಾ ತರಿಸೋವಾಗ ಅದು ಇದ್ದರೆ ಇರಲಿ. ಆಸ್ಪತ್ರೆಯ ಸಾಫ್ಟ್‌ವೇರಿನಲ್ಲಿ, ಗುರುತಿನ ಸಂಖ್ಯೆಯ ಪಕ್ಕದಲ್ಲಿ ಬಂದು ಕೂತರೆ ಮಾತ್ರ, ದೇಶ ಬಿಟ್ಟು ಓಡಿ ಬಂದವರಿಗೆ ಅದು ಬಾಗಿಲಿಗೆ ಜಡಿದ ಬೀಗ.

ನಾನಿರೋ ಸಹಕಾರನಗರದಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಬಳ್ಳಾರಿ ರಸ್ತೆಗೆ ಬಂದರೆ ಹೆಬ್ಬಾಳದ ತನಕ ಬೋರ್ಡುಗಳೋ ಬೋರ್ಡುಗಳು. ಕಳೆದ ಮಳೆಗಾಲದಲ್ಲಿ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ (ಹೆಸರು ಬೇಡ) ಸಾಲಿನಲ್ಲಿ ನಿಂತಿದ್ದೆ. ಮುಂದೆ ಒಬ್ಬಳು ಹೆಂಗಸು, ಸೊಂಟದ ಮೇಲೆ ಕೆಮ್ಮುವ ಮಗು. ಕೌಂಟರಿನ ಹುಡುಗ ಆಧಾರ್ ಕೇಳಿದ. ಇಲ್ಲ. ಫೋನ್ ನಂಬರ್? ಗಂಡನ ಹತ್ತಿರ ಇದೆ, ಅವನು ಕೆಲಸಕ್ಕೆ ಹೋಗಿದ್ದಾನೆ. "ನಾನೇನ್ ಮಾಡ್ಲಿ ಅಕ್ಕ, ಸಿಸ್ಟಮ್ ತಗೊಳ್ತಿಲ್ಲ" ಅಂದ. ಅವನ ದನಿಯಲ್ಲಿ ಒರಟುತನವೇನೂ ಇರಲಿಲ್ಲ, ನಿಜಕ್ಕೂ ಸಿಸ್ಟಮ್ ತಗೊಳ್ತಿರಲಿಲ್ಲ. ಡಾಕ್ಟರು ಹತ್ತು ಅಡಿ ಆಚೆ, ಪರದೆಯ ಹಿಂದೆ ಖಾಲಿ ಕೂತಿದ್ದರು. ಹೆಂಗಸು ಒಂದಿಷ್ಟು ಹೊತ್ತು ನಿಂತು ಹೊರಟುಹೋದಳು.

ಆಕೆ ಯಾದಗಿರಿಯವಳೋ, ಅಸ್ಸಾಮಿನವಳೋ, ಬರ್ಮಾದಿಂದ ಓಡಿ ಬಂದ ರೋಹಿಂಗ್ಯಾಳೋ ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯ ಆ ಕೌಂಟರಿಗೂ ಇರಲಿಲ್ಲ ಅನ್ನೋದೇ ನನ್ನ ವಾದ. ಬೆಂಗಳೂರಿನ ಉತ್ತರದ ಅಂಚಿನಲ್ಲಿ ರೋಹಿಂಗ್ಯಾ ಕುಟುಂಬಗಳಿವೆ, ಕಸ ಆರಿಸಿ ಬದುಕುತ್ತವೆ. ಎಲ್ಲಿ ಅಂತ ಬರೆಯೋಲ್ಲ. ಯಾಕೆ ಅಂತ ಕೆಳಗೆ ಗೊತ್ತಾಗುತ್ತೆ.

'ಅಂಥವರಿಗೆ ಆರೋಗ್ಯದ ಅರಿವಿಲ್ಲ, ಬರೋದೇ ಇಲ್ಲ' ಅನ್ನೋ ಮಾತೊಂದಿದೆ. ಅದಕ್ಕೆ ಉತ್ತರ ಇದೇ ಬಳ್ಳಾರಿ ರಸ್ತೆಯಲ್ಲಿದೆ. 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. ಮುಂದೆ ಇಡೀ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪಗೊಂಡಿದ್ದು ಅಲ್ಲೇ. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ರೋಗಿಗಳನ್ನು ಹುಡುಕಿ ಮಾತಾಡಿಸಿ 1963ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರೋಗಿಗಳಲ್ಲಿ ಹೆಚ್ಚಿನವರಿಗೆ ತಮಗೇನೋ ಆಗಿದೆ ಅಂತ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು. ಆಸ್ಪತ್ರೆ ಅವರಿಗೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಿತ್ತು! ಅರವತ್ತು ವರ್ಷದ ಹಿಂದೆ ಕೆಮ್ಮಿನ ಔಷಧಿಯಾದರೂ ಸಿಗ್ತಿತ್ತು ಮಾರಾಯ್ರೇ.

ಹಾಗಂತ ನಾನು ಕಂಪ್ಯೂಟರ್ ಬೇಡ ಅನ್ನೋ ಗುಂಪಿನವನಲ್ಲ. ಕಾಗದದ ಚೀಟಿ ಟಾರ್ಪಾಲ್ ಗುಡಿಸಲಲ್ಲಿ ಒಂದು ಮಳೆಗಾಲ ದಾಟೋಲ್ಲ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ 'ಬಾಂಗ್ಲಾದೇಶಿಗಳು' ಅಂತ ಗುಡಿಸಲುಗಳನ್ನು ಕೆಡವಿದರಲ್ಲ, ಅಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಜೆಸಿಬಿ ಬಂದ ದಿನ ಚೀಟಿ ಫೈಲು ಹುಡುಕೋಕೆ ಯಾರಿಗೆ ಪುರುಸೊತ್ತಿರುತ್ತೆ? ದಾಖಲೆ ಬೇರೆಲ್ಲೋ ಭದ್ರವಾಗಿ ಇರಬೇಕು ಅನ್ನೋದನ್ನು ಒಪ್ತೀನಿ.

ಅದು ಚೆನ್ನಾಗಿ ನಡೆದ ಉದಾಹರಣೆಯೂ ಇದೆ. ಪ್ಯಾಲೆಸ್ತೀನಿ ನಿರಾಶ್ರಿತರಿಗಾಗಿರುವ ವಿಶ್ವಸಂಸ್ಥೆಯ ಯುಎನ್‌ಆರ್‌ಡಬ್ಲ್ಯುಎ 2009ರಲ್ಲಿ ಜೋರ್ಡಾನಿನ ಕ್ಲಿನಿಕ್ಕುಗಳಿಗೆ ಇ-ಹೆಲ್ತ್ ತಂತು. ಬಿಪಿ, ಸಕ್ಕರೆ ಕಾಯಿಲೆಯವರ ಪಟ್ಟಿ ಅದರಲ್ಲಿ. ಇವತ್ತು ಬಂದವರು ಎಷ್ಟು ಅನ್ನೋದು ರಿಜಿಸ್ಟರಿನಲ್ಲೂ ಗೊತ್ತಾಗುತ್ತೆ. ಈ ಮೂರು ತಿಂಗಳಲ್ಲಿ ಯಾರು ಬರಲಿಲ್ಲ ಅನ್ನೋದು ಗೊತ್ತಾಗಿದ್ದು ಕಂಪ್ಯೂಟರ್ ಬಂದ ಮೇಲೆ. ಬಾರದವರನ್ನು ಎಣಿಸೋ ಯಂತ್ರ ಅದು. ನಮ್ಮದು? ಬಂದವರನ್ನು ವಾಪಸ್ ಕಳಿಸೋ ಯಂತ್ರ.

ಇನ್ನು ನಮ್ಮದೇ ರಾಜ್ಯದ ನಿರಾಶ್ರಿತರು. 1960ರ ಕೊನೆಯಲ್ಲಿ ಬೈಲಕುಪ್ಪೆ, 1966ರಲ್ಲಿ ಮುಂಡಗೋಡು, ಆಮೇಲೆ ಹುಣಸೂರು, ಕೊಳ್ಳೇಗಾಲ ಕಡೆ. ಟಿಬೆಟಿಯನ್ನರಿಗೆ ನಾವು ಜಾಗ ಕೊಟ್ಟೆವು, ಒಳ್ಳೇದೇ ಮಾಡಿದೆವು. ಅವರಲ್ಲಿ ಕ್ಷಯ ದೇಶದ ಸರಾಸರಿಗಿಂತ ಹೆಚ್ಚು ಅಂತ ಧರ್ಮಶಾಲೆಯ ಡೆಲೆಕ್ ಆಸ್ಪತ್ರೆಯ ವೈದ್ಯರು ವರ್ಷಗಳಿಂದ ಬರೆಯುತ್ತಾ ಬಂದಿದ್ದಾರೆ. ಹಾಸ್ಟೆಲ್, ಮಠ, ಒಂದೇ ಕೋಣೆಯಲ್ಲಿ ಹತ್ತಾರು ಜನ. ಕ್ಷಯಕ್ಕೆ ಕನಿಷ್ಠ ಆರು ತಿಂಗಳ ಮಾತ್ರೆ. ಆದರೆ ಚಳಿ ಶುರುವಾಯ್ತು ಅಂದ್ರೆ ಅರ್ಧ ಕ್ಯಾಂಪು ಸ್ವೆಟರ್ ಮಾರೋಕೆ ಎಲ್ಲೆಲ್ಲೋ ಊರುಗಳಿಗೆ ಹೋಗಿಬಿಡುತ್ತೆ. ಮಾತ್ರೆ ನಡುವೆ ನಿಂತರೆ ರೋಗ ಮತ್ತೆ ಏಳುತ್ತೆ, ಈ ಸಲ ಮಾತ್ರೆಗೆ ಬಗ್ಗದ ಹಾಗೆ. ದಾಖಲೆ ರೋಗಿಯ ಹಿಂದೆ ಓಡಬೇಕಾದ್ದು ಇಲ್ಲಿ. ಸರ್ಕಾರದ ನಿಕ್ಷಯ್‌ನಲ್ಲಿ (2012ರಿಂದ ಇದೆ) ರೋಗಿಯನ್ನು ಇನ್ನೊಂದು ಊರಿಗೆ ವರ್ಗ ಮಾಡೋ ಸೌಲಭ್ಯ ಇದೆ, ಅದು ಶಹಬ್ಬಾಸ್ ಅನ್ನೋ ಕೆಲಸ. ಆದರೆ ಅದೇ ನಿಕ್ಷಯ್ ಜೊತೆಗಿರೋ ಪೌಷ್ಟಿಕ ಆಹಾರದ ಹಣ, 2018ರಲ್ಲಿ ತಿಂಗಳಿಗೆ 500 ಇದ್ದದ್ದು 2024ರ ನವೆಂಬರಿನಿಂದ 1000 ಆಯ್ತು, ಬರೋದು ಬ್ಯಾಂಕ್ ಖಾತೆಗೆ. ಖಾತೆ ಇಲ್ಲದವನು ಬರೀ ಮಾತ್ರೆ ತಿನ್ನಬೇಕು.

ಹೆಸರಿನ ಕಥೆಯೋ ಕೇಳಲೇಬೇಡಿ. ದಲೈಲಾಮಾರ ಹೆಸರಿನ ಮೊದಲರ್ಧ ಇಟ್ಟುಕೊಂಡ 'ತೆಂಜಿನ್'ಗಳು ಟಿಬೆಟನ್ ಶಾಲೆಯ ಒಂದೊಂದು ತರಗತಿಯಲ್ಲೂ ಇದ್ದಾರೆ. ಮನೆತನದ ಹೆಸರು ಎಷ್ಟೋ ಜನಕ್ಕೆ ಇಲ್ಲ. ಗಡಿ ದಾಟಿ ಬಂದ ಹಿರಿಯರಿಗೆ ಹುಟ್ಟಿದ ತಾರೀಖು ಗೊತ್ತಿಲ್ಲ (ನಮ್ಮಜ್ಜಿಗೂ ಗೊತ್ತಿರಲಿಲ್ಲ, 'ದೊಡ್ಡ ಪ್ಲೇಗಿನ ವರ್ಷ' ಅಂತಿದ್ದಳು). ಅಲ್ಲಿಗೆ 'ಲಾಸ್ಟ್ ನೇಮ್' ನಕ್ಷತ್ರ, 'ಡೇಟ್ ಆಫ್ ಬರ್ತ್' ನಕ್ಷತ್ರ! ಇನಿಷಿಯಲ್ ಇಟ್ಟುಕೊಂಡು ಆ ಖಾನೆಯ ಜೊತೆ ಬಡಿದಾಡಿದ ನಮಗೇ ಅದು ಅರ್ಥವಾಗದಿದ್ದರೆ ಇನ್ಯಾರಿಗೆ ಆಗಬೇಕು?

'ಅಬಾ ಐಡಿ ಮಾಡಿಸಿಕೊಳ್ಳಲಿ ಬಿಡಿ' ಅಂತೀರಿ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರಿನಲ್ಲಿ ದೇಶಾದ್ಯಂತ ಬಂತು. 70 ಕೋಟಿಗೂ ಹೆಚ್ಚು ಅಬಾ ಸಂಖ್ಯೆಗಳಾಗಿವೆ. ಅದು ಕಡ್ಡಾಯವಲ್ಲ ಅಂತ ಸರ್ಕಾರವೇ ಹೇಳಿದೆ. ಆದರೆ ಆ ಸಂಖ್ಯೆ ಹುಟ್ಟೋದು ಆಧಾರ್‌ನಿಂದ ಅಥವಾ ಡ್ರೈವಿಂಗ್ ಲೈಸೆನ್ಸಿನಿಂದ. ವಿಶ್ವಸಂಸ್ಥೆಯ ನಿರಾಶ್ರಿತರ ಕಾರ್ಡು ತೋರಿಸಿದರೆ ಆಧಾರ್ ಸಿಗೋಲ್ಲ. ದೆಹಲಿಯಲ್ಲಿ ಕಡ್ಡಾಯವಲ್ಲದ್ದು ಸಹಕಾರನಗರದ ಕೌಂಟರಿಗೆ ಬರೋ ಹೊತ್ತಿಗೆ ಕಡ್ಡಾಯವಾಗೋದು ಹೇಗೆ? ನಡುವೆ ಯಾರೋ ಒಬ್ಬ ಡೆವಲಪರ್ ಖಾನೆಗೆ ನಕ್ಷತ್ರ ಹಾಕಿರ್ತಾನೆ. ಕಾನೂನಲ್ಲಿಲ್ಲ, ಸುತ್ತೋಲೆಯಲ್ಲಿಲ್ಲ, ಕೋಡಿನಲ್ಲಿದೆ.

ಇನ್ನೊಂದು ಕಡೆ, ದಾಖಲೆ ಆಗಲಿಲ್ಲ ಅನ್ನೋದಕ್ಕಿಂತ ಆಯ್ತು ಅನ್ನೋದೇ ಭಯ. 2017ರಲ್ಲಿ ಬರ್ಮಾದಿಂದ ಬಾಂಗ್ಲಾದೇಶಕ್ಕೆ ಓಡಿ ಬಂದ ರೋಹಿಂಗ್ಯಾಗಳು 7 ಲಕ್ಷಕ್ಕೂ ಹೆಚ್ಚು. ಅಲ್ಲಿನ ಶಿಬಿರಗಳಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಫೋಟೋ, ಬೆರಳಚ್ಚು, ಹೆಸರು ಎಲ್ಲ ತಗೊಂಡು ರೇಷನ್ ಕಾರ್ಡು ಕೊಟ್ಟಿತು. 2021ರ ಜೂನಿನಲ್ಲಿ ಹ್ಯೂಮನ್ ರೈಟ್ಸ್ ವಾಚ್ ಬಯಲು ಮಾಡಿದ ಪ್ರಕಾರ, ಕನಿಷ್ಠ 8 ಲಕ್ಷಕ್ಕೂ ಹೆಚ್ಚು ಜನರ ಆ ಮಾಹಿತಿ ಬಾಂಗ್ಲಾದೇಶ ಸರ್ಕಾರದ ಮೂಲಕ ಬರ್ಮಾ ಸರ್ಕಾರದ ಕೈ ಸೇರಿತ್ತು. ಯಾರಿಗೆ ಹೆದರಿ ಓಡಿ ಬಂದರೋ ಅವರ ಕೈಗೇ! ಅನ್ನಕ್ಕಾಗಿ ಒತ್ತಿದ ಹೆಬ್ಬೆಟ್ಟು ಅದು. ನಮ್ಮಲ್ಲೂ 2025ರ ವಲಸೆ ಮತ್ತು ವಿದೇಶಿಯರ ಕಾಯಿದೆ, ದಾಖಲಾಗುವ ವಿದೇಶಿಯರ ಮಾಹಿತಿಯನ್ನು ಆಸ್ಪತ್ರೆ ಕೊಡಬೇಕು ಅನ್ನುತ್ತೆ. ಹೀಗಿರುವಾಗ ಕೆಮ್ಮಿಗೆ ಬಂದವರ ಫಾರಂನಲ್ಲಿ 'ರಾಷ್ಟ್ರೀಯತೆ', 'ಧರ್ಮ' ಅಂತ ಖಾನೆ ಇಡೋನಿಗೆ ಏನನ್ನಬೇಕು? ಕೆಮ್ಮಿಗೆ ಧರ್ಮ ಇದೆಯಾ?

ಒಪ್ಪಂದ ಆಗೋ ಜಾಗವೂ ಇದೆ. ಕ್ಲಿನಿಕ್ಕೇ ಒಂದು ಸಂಖ್ಯೆ ಹುಟ್ಟಿಸಿ ಚೀಟಿಯಲ್ಲಿ ಬರೆದು ಕೊಡಲಿ. ನೆಟ್ ಇಲ್ಲದಾಗಲೂ ನಡೆಯಲಿ. ಎಲ್ಲಿ ಇರ್ತೀಯಾ ಅನ್ನೋ ಬದಲು, ಮುಂದಿನ ಮಾತ್ರೆಗೆ ನಿನ್ನನ್ನು ಹೇಗೆ ಹುಡುಕಲಿ ಅಂತ ಕೇಳಲಿ. ಇದಕ್ಕೆ ಚಂದ್ರಲೋಕದ ತಂತ್ರಜ್ಞಾನ ಬೇಡ. ಓಪನ್‌ಎಂಆರ್‌ಎಸ್ 2004ರಿಂದ ಇದೆ, ಯಾರು ಬೇಕಾದರೂ ಬಳಸಬಹುದು. ಅದರ ಮೇಲೆ ಕಟ್ಟಿದ ಬಾಹ್ಮ್ನಿ (ನಮ್ಮ ಗುಲ್ಬರ್ಗದ ಬಹಮನಿ ಅಲ್ಲ!) ಶುರುವಾಗಿದ್ದು ಛತ್ತೀಸಗಢದ ಗನಿಯಾರಿಯ ಹಳ್ಳಿ ಆಸ್ಪತ್ರೆಗಾಗಿ.

ಮತ್ತೆ, ಬರೆದಿಟ್ಟದ್ದನ್ನು ಇನ್ನೊಂದು ಸಾಫ್ಟ್‌ವೇರ್ ಓದೋ ಹಾಗಿರಲಿ. ನುಡಿಯಲ್ಲಿ, ಬರಹದಲ್ಲಿ ಟೈಪ್ ಮಾಡಿದ ಹಳೇ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆಗೆದು, 'PÀ£ÀßqÀ' ಥರದ ವಿಚಿತ್ರಾಕ್ಷರ ನೋಡಿ ತಲೆ ಚಚ್ಚಿಕೊಂಡವರು ನಾವೇ ತಾನೇ? ಯೂನಿಕೋಡಿಗಾಗಿ ಅಷ್ಟು ಹೊಡೆದಾಡಿದ್ದು ಯಾಕೆ? ನಮ್ಮ ಕವಿತೆ ಕಳೆದರೆ ಇನ್ನೊಂದು ಬರೀಬಹುದಿತ್ತು. ಬೈಲಕುಪ್ಪೆಯ ಹುಡುಗನ ನಾಲ್ಕು ತಿಂಗಳ ಮಾತ್ರೆಯ ಲೆಕ್ಕ ಪುಣೆಯಲ್ಲಿ ತೆರೆಯದಿದ್ದರೆ?

'ಐಡಿ ಇಲ್ಲದಿದ್ರೆ ಡೂಪ್ಲಿಕೇಟ್ ಆಗುತ್ತಲ್ಲ' ಅಂತ ಬರೆಯೋಕೆ ಆಗಲೇ ಕೈ ಹಾಕಿರ್ತೀರಿ. ಆಗುತ್ತೆ ಸ್ವಾಮಿ. ಒಬ್ಬರ ಹೆಸರು ಎರಡು ಸಲ ಬಂದರೆ ಆಮೇಲೆ ಕೂಡಿಸಬಹುದು. ಹೆಸರೇ ಬರೆಸದೆ ವಾಪಸ್ ಹೋದವಳನ್ನು ಯಾವ ಕ್ವೆರಿ ಬರೆದು ಹುಡುಕ್ತೀರಿ?

ಇಂಥ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡಿದವರು ಯಾರಾದರೂ ಓದ್ತಿದ್ದರೆ, ಗುರುತಿನ ಖಾನೆ ಖಾಲಿ ಬಿಟ್ಟರೆ ನಿಮ್ಮದರಲ್ಲಿ ಏನಾಗುತ್ತೆ ಅಂತ ಒಮ್ಮೆ ನೋಡಿ ಕೆಳಗೆ ಬರೀರಿ. ಕಂಪನಿ ಹೆಸರು ಬೇಡ.