ದೆವ್ವದ ಕಥೆ ಓದೋಣ, ವದಂತಿ ಹಂಚದಿರೋಣ

ದೆವ್ವದ ಕಥೆ ಓದುವುದು ಕಾಲಹರಣ, ಅದರಿಂದ ಮೂಢನಂಬಿಕೆ ಬೆಳೆಯುತ್ತದೆ ಎಂದು ಹಲವರು ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಭಯವನ್ನು ಹೇಗೆ ಹುಟ್ಟಿಸುತ್ತಾರೆ ಎಂಬುದನ್ನು ಒಳ್ಳೆಯ ದೆವ್ವದ ಕಥೆ ನಮಗೆ ಕಲಿಸುತ್ತದೆ. ಅದು ಗೊತ್ತಿರುವವರನ್ನು ಹೆದರಿಸುವುದು ಅಷ್ಟು ಸುಲಭವಲ್ಲ.

ಇಂಗ್ಲಿಷ್ ಲೇಖಕ ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ 1902ರಲ್ಲಿ ಬರೆದ ‘ದಿ ಮಂಕೀಸ್ ಪಾ’, ಅಂದರೆ ‘ಕೋತಿಯ ಪಂಜ’ ಎಂಬ ಕಥೆಯನ್ನೇ ನೋಡಿ. ಭಾರತದಲ್ಲಿದ್ದು ಹೋದ ಸೈನಿಕನೊಬ್ಬ ಫಕೀರರೊಬ್ಬರು ಮಂತ್ರಿಸಿದ ಒಣಗಿದ ಪಂಜವೊಂದನ್ನು ಗೆಳೆಯನ ಮನೆಗೆ ತರುತ್ತಾನೆ. ಅದು ಮೂರು ಕೋರಿಕೆ ಈಡೇರಿಸುತ್ತದಂತೆ. ಮನೆಯ ಯಜಮಾನ 200 ಪೌಂಡ್ ಕೇಳುತ್ತಾನೆ. ಮರುದಿನ ಅವನ ಮಗ ಕಾರ್ಖಾನೆಯಲ್ಲಿ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ. ಕಂಪನಿ ಕೊಟ್ಟ ಪರಿಹಾರ ಸರಿಯಾಗಿ 200 ಪೌಂಡ್! ಮಗ ಬದುಕಿ ಬರಲಿ ಎಂದು ಕೇಳುವಂತೆ ತಾಯಿ ಹಠ ಹಿಡಿಯುತ್ತಾಳೆ. ಆ ರಾತ್ರಿ ಯಾರೋ ಬಾಗಿಲು ಬಡಿಯುತ್ತಾರೆ. ತಾಯಿ ಚಿಲಕ ತೆಗೆಯುವಷ್ಟರಲ್ಲಿ ತಂದೆ ಮೂರನೆಯ ಕೋರಿಕೆ ಕೇಳಿಬಿಡುತ್ತಾನೆ. ಬಾಗಿಲು ತೆರೆದರೆ ರಸ್ತೆ ಖಾಲಿ.

ಇಡೀ ಕಥೆಯಲ್ಲಿ ಸತ್ತವನು ಎದುರಿಗೆ ಬರುವುದೇ ಇಲ್ಲ. ಲೇಖಕರು ಕೊಡುವುದು ಸದ್ದು, ಕತ್ತಲೆ, ಮುಚ್ಚಿದ ಬಾಗಿಲು ಇಷ್ಟೇ. ಉಳಿದದ್ದನ್ನು ನಮ್ಮ ಮನಸ್ಸೇ ತುಂಬಿಕೊಳ್ಳುತ್ತದೆ. ನಮ್ಮ ದಾದಿ ಉರ್ದುವಿನಲ್ಲಿ ಜಿನ್‌ಗಳ ಕಥೆ ಹೇಳುವಾಗಲೂ ಹಾಗೆಯೇ. ಕಥೆ ಬಾಗಿಲ ಹತ್ತಿರ ಬಂದ ಕೂಡಲೇ ನಿಲ್ಲಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ನಾವು ಉಸಿರು ಬಿಗಿಹಿಡಿದು ಕಾಯಬೇಕು. ನಮ್ಮ ತಿಪಟೂರಿನಲ್ಲಿ ಹೆದರಲು ಹಳೆಯ ಕೋಟೆ ಬೇಕಿಲ್ಲ. ತೋಟದಲ್ಲಿ ಒಣಗಿದ ಗರಿ ಕಳಚಿ ಬಿದ್ದರೂ, ಕೊಬ್ಬರಿ ಅಟ್ಟದ ಮೇಲೆ ಇಲಿ ಓಡಿದರೂ ಸಾಕು. ಲೈಟ್ ಹಾಕಿ ನೋಡುವವರೆಗೆ ಅದು ದೆವ್ವವೇ.

ಆದರೆ ಕಥೆ ತಾನು ಕಥೆ ಎಂದು ಒಪ್ಪಿಕೊಂಡೇ ಹೆದರಿಸುತ್ತದೆ. ವದಂತಿ ಹಾಗಲ್ಲ. 1990ರ ದಶಕದಲ್ಲಿ, ಪರಿಚಿತರ ದನಿಯಲ್ಲಿ ಕರೆದು ಬಾಗಿಲು ಬಡಿಯುವ ದೆವ್ವವೊಂದು ಬಂದಿದೆ ಎಂದು ಸುದ್ದಿ ಹಬ್ಬಿ, ಬೆಂಗಳೂರಿನಲ್ಲಿ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ಅದನ್ನು ನೆನೆದು ನಾವು ಇಂದು ನಗಬಹುದು. ಆದರೆ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದಕ್ಕೆ ನಗಲಾಗದು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್ಆ್ಯಪ್ ವದಂತಿ ನಂಬಿದ ಗುಂಪು, ಹೈದರಾಬಾದಿನಿಂದ ಬಂದಿದ್ದ ಯುವ ಇಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಅಲ್ಲಿಯೂ ಕಳ್ಳರನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಕಾಣದ್ದನ್ನು ಜನರ ಮನಸ್ಸೇ ತುಂಬಿಕೊಂಡಿತ್ತು.

ನಾನು ಕಾಮರ್ಸ್ ವಿದ್ಯಾರ್ಥಿ. ವೋಚರ್ ಇಲ್ಲದೆ ಲೆಕ್ಕದ ಪುಸ್ತಕದಲ್ಲಿ ಎಂಟ್ರಿ ಮಾಡಬಾರದು ಎಂದು ಅಕೌಂಟೆನ್ಸಿ ತರಗತಿಯಲ್ಲಿ ಕಲಿಸುತ್ತಾರೆ. ಮೊಬೈಲಿಗೆ ಬರುವ ಸುದ್ದಿಗೂ ಇದೇ ನಿಯಮ ಇರಲಿ. ಯಾರು ನೋಡಿದರು? ಎಲ್ಲಿ? ಯಾವಾಗ? ಉತ್ತರವಿಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ.

ತಿಂಗಳಿಗೊಮ್ಮೆ ಭಾಷಾ ತರಗತಿಯಲ್ಲಿ ಇಂತಹ ಒಂದು ಕಥೆ ಓದಿಸಿ ಎಂದು ನಮ್ಮ ಉಪನ್ಯಾಸಕರಲ್ಲಿ ನನ್ನ ವಿನಂತಿ. ಕಥೆ ಮುಗಿದ ಮೇಲೆ, ನಮಗೆ ಎಲ್ಲಿ ಭಯವಾಯಿತು, ಆ ಸಾಲಿನಲ್ಲಿ ಲೇಖಕರು ಏನನ್ನು ಹೇಳದೆ ಬಿಟ್ಟರು ಎಂದು ಕೇಳಿ. ಆ ಪ್ರಶ್ನೆ ಪರೀಕ್ಷೆಯಲ್ಲಿ ಬಾರದಿರಬಹುದು, ಮೊಬೈಲ್ ಕೈಯಲ್ಲಿರುವಾಗ ದಿನವೂ ಬರುತ್ತದೆ.