ಗಲಭೆಯ ಕಥೆಗೊಬ್ಬ ಒಳ್ಳೆಯ ಬ್ಯಾರಿ

ಗಲಭೆಯ ಬಗ್ಗೆ ಕಾದಂಬರಿ ಬರೆಯುವವರಿಗೆ ಒಬ್ಬ ಬ್ಯಾರಿ ಬೇಕೇ ಬೇಕು. ಮೊದಲ ಅಧ್ಯಾಯದಲ್ಲಿ ಅವನು ಮೀನು ಮಾರುತ್ತಾನೆ, ಕೊನೆಯದರಲ್ಲಿ ಪಕ್ಕದ ಮನೆಯವರನ್ನು ಕಾಪಾಡಿ ಸಾಯುತ್ತಾನೆ. ನಡುವೆ ಅವನಿಗೆ ಸಾಲವಿಲ್ಲ, ಜಾಗದ ತಕರಾರಿಲ್ಲ, ಓಟೂ ಇಲ್ಲ. ಇಂಥ ಪುಸ್ತಕವನ್ನು ವೇದಿಕೆಯಲ್ಲಿ ‘ಸೌಹಾರ್ದದ ಕಾದಂಬರಿ’ ಎಂದು ಹೊಗಳುವಾಗ ನಮ್ಮವರೂ ಚಪ್ಪಾಳೆ ತಟ್ಟುತ್ತಾರೆ. ನನಗೆ ಕೈ ಏಳುವುದಿಲ್ಲ.

ನಾನು ಸಾಹಿತ್ಯ ಓದಿದವನಲ್ಲ, ಮೆಕ್ಯಾನಿಕಲ್ ಡಿಪ್ಲೊಮಾದವನು. ಶಾಫ್ಟ್ ತುಂಡಾದರೆ ‘ಕಬ್ಬಿಣ ಕೆಟ್ಟದ್ದು’ ಎಂದು ಕೈ ತೊಳೆದುಕೊಳ್ಳಲು ನಮ್ಮನ್ನು ಬಿಡುವುದಿಲ್ಲ, ಲೋಡ್ ಎಲ್ಲಿಂದ ಬಂತೆಂದು ಕೇಳುತ್ತಾರೆ. ಕಾದಂಬರಿಕಾರರನ್ನು ಯಾರೂ ಕೇಳುವುದಿಲ್ಲ. ಊರು ಹೊತ್ತಿ ಉರಿಯಿತು, ಎರಡೂ ಕಡೆ ಕೆಟ್ಟವರಿದ್ದರು, ಮುಗಿಯಿತು.

ನಿರಂಜನರು ಹಾಗೆ ಮುಗಿಸಲಿಲ್ಲ. 1955ರ ‘ಚಿರಸ್ಮರಣೆ’ ನಮ್ಮ ಕಾಸರಗೋಡಿನ ಕಯ್ಯೂರಿನದು. ಆಗ ಅದು ದಕ್ಷಿಣ ಕನ್ನಡ ಜಿಲ್ಲೆ. ಮಲಯಾಳಂ ಆಡುವ ರೈತರ ಕಥೆ, ಕನ್ನಡದಲ್ಲಿ. ಅಲ್ಲಿ ಜಗಳಕ್ಕೆ ಲೆಕ್ಕವಿದೆ: ಗೇಣಿ, ಜಮೀನುದಾರ, ರೈತ ಸಂಘ, ಪೊಲೀಸ್. 1941ರ ಮಾರ್ಚ್‌ನಲ್ಲಿ ಮೆರವಣಿಗೆಯವರ ಕೈಗೆ ಸಿಕ್ಕ ಪೊಲೀಸನೊಬ್ಬ ಹೊಳೆಗೆ ಹಾರಿ ಸತ್ತ. ಅದಕ್ಕಾಗಿ 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು: ಅಪ್ಪು, ಚಿರುಕಂಡ, ಕುಂಞಂಬು, ಅಬೂಬಕ್ಕರ್.

ಆ ನಾಲ್ಕನೆಯ ಹೆಸರು ನೋಡಿ. ತಾನು ಒಳ್ಳೆಯವನೆಂದು ಯಾರಿಗೂ ರುಜು ಮಾಡಬೇಕಾಗಿರಲಿಲ್ಲ ಅವನಿಗೆ. ಜೊತೆಯ ರೈತರೊಂದಿಗೆ ನಿಂತ, ಅವರೊಂದಿಗೇ ನೇಣಿಗೆ ಹೋದ.

‘ಅದು ಪಕ್ಷದ ಕಾದಂಬರಿ’ ಎನ್ನುವವರಿದ್ದಾರೆ. ಹೌದು, ನಿರಂಜನರು ಕಮ್ಯುನಿಸ್ಟರ ಪರ ನಿಂತೇ ಬರೆದರು, ಮುಚ್ಚಿಡಲಿಲ್ಲ. ಒಪ್ಪದವರು ಆ ಪುಸ್ತಕದ ಜೊತೆ ಜಗಳವಾಡಬಹುದು. ಯಾರ ಪರವೂ ಅಲ್ಲ ಎನ್ನುವ ಪುಸ್ತಕದ ಜೊತೆ ಜಗಳವಾಡುವುದು ಹೇಗೆ? ಅದು ತೂಕದ ಕಲ್ಲನ್ನೇ ಅಡಗಿಸಿಟ್ಟಿರುತ್ತದೆ.

ನಮ್ಮ ಉಪ್ಪನದ್ದು ಜೀನಸಿನ ಅಂಗಡಿ. ಊರಲ್ಲೊಮ್ಮೆ ಗಲಾಟೆಯಾಗಿ ಒಂದು ವಾರ ಶಟರ್ ಎಳೆದಿತ್ತು. ಮತ್ತೆ ತೆರೆದಾಗ ಕೆಲವು ಹಳೆ ಗಿರಾಕಿಗಳು ಬೇರೆ ಅಂಗಡಿಗೆ ಹೋದರು, ಸಾಲದ ಪುಸ್ತಕದಲ್ಲಿ ಅವರ ಬಾಕಿ ಹಾಗೇ ಉಳಿಯಿತು. ಅವರೇನೂ ಕೆಟ್ಟವರಲ್ಲ. ಅಲ್ಲಿಗೆ ಹೋಗಬೇಡಿ ಎಂದು ಯಾರೋ ಹೇಳಿದ್ದರು. ಹೇಳಿದವರು ಯಾರು? ಅದರಿಂದ ವ್ಯಾಪಾರವಾದದ್ದು ಯಾರಿಗೆ, ಓಟು ಬಿದ್ದದ್ದು ಯಾರಿಗೆ? ಕಾದಂಬರಿಕಾರರೇ, ಅದನ್ನು ಬರೆಯಿರಿ. ಉಪ್ಪನನ್ನು ದೇವರಂಥ ಮನುಷ್ಯ ಮಾಡಬೇಡಿ. ಆ ಬಾಕಿಯ ನೆನಪಾದಾಗಲೆಲ್ಲ ಅವರು ಇವತ್ತಿಗೂ ಬೈಯುತ್ತಾರೆ.